ಮೂರು ಗೆರಟೆ ಗೊಬ್ಬರ

ಕಳೆದ ತಿಂಗಳು ಕೊಚ್ಚಿಯ ವೈಟ್ಟಿಲದಲ್ಲಿರುವ ಮಗಳ ಫ್ಲಾಟಿಗೆ ಹೋಗಿದ್ದೆ. ಬಾಲ್ಕನಿಯಲ್ಲಿ ಅವಳದು ಏಳೆಂಟು ಕುಂಡಗಳು. ಭಾನುವಾರ ಬೆಳಿಗ್ಗೆ ನರ್ಸರಿಯಿಂದ ತಂದ ಪ್ಲಾಸ್ಟಿಕ್ ಚೀಲವೊಂದರ ಬಾಯಿ ಕತ್ತರಿಸಿದಳು. ಒಳಗೆ ಕುಳಿತು ಬೀನ್ಸ್ ಮುರಿಯುತ್ತಿದ್ದ ನನ್ನ ಮೂಗಿಗೆ ಆ ವಾಸನೆ ಬಂದದ್ದೇ ತಡ, ಎದ್ದು ಓಡಿದೆ. ಮಂಡಿನೋವಿನ ಮುದುಕಿ ಓಡಿ ಬಂದದ್ದು ನೋಡಿ ಮಗಳಿಗೆ ಗಾಬರಿ. ಅವಳ ಕೈಯಿಂದ ಚೀಲ ಕಿತ್ತುಕೊಂಡು, "ಇದು ಹಸಿಯಾ, ಹಳತಾ? ಗೊತ್ತಿದ್ದವರ ಹತ್ತಿರ ಕೇಳಿದ್ಯಾ?" ಎಂದೆ.

"ಎಂದಾ ಅಮ್ಮೇ?" ಎಂದಳು, ಏನಮ್ಮಾ ಎಂಬ ಅರ್ಥದಲ್ಲಿ. ಇಲ್ಲೇ ಹುಟ್ಟಿ ಬೆಳೆದವಳು. ನನ್ನ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳದಲ್ಲೇ ಬರುತ್ತದೆ. ಚೀಲದ ಮೇಲೆ ಒಂದು ಕೋಳಿಯ ಚಿತ್ರ, ಅದರ ಕೆಳಗೆ ಚೆನ್ನಾಗಿ ಕಳಿತ ಗೊಬ್ಬರ ಎಂಬ ಬರಹ. ಓದಿದ ಮೇಲೂ ನಾನು ಚೀಲವನ್ನು ಅವಳ ಕೈಗೆ ಕೊಡಲಿಲ್ಲ. ಏನಾಯಿತೆಂದು ಹೇಳುವುದಾದರೆ ಅವಳು ಹುಟ್ಟುವುದಕ್ಕೂ ಮೊದಲಿನ ಒಂದು ಮಳೆಗಾಲದಿಂದ ಸುರುಮಾಡಬೇಕು. ಆ ಹೊತ್ತಿಗೆ ಅದು ನನ್ನಿಂದಾಗಲಿಲ್ಲ. ಈಗ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ನನಗೆ ಇಪ್ಪತ್ತೆರಡು. ಮದುವೆಯಾಗಿ ಕಾಸರಗೋಡಿನಿಂದ ಕೊಚ್ಚಿಗೆ ಬಂದು ಒಂದೂವರೆ ವರ್ಷವಾಗಿತ್ತಷ್ಟೆ. ನಮ್ಮವರು ಕಸ್ಟಮ್ಸ್‌ನಲ್ಲಿ ಗುಮಾಸ್ತರು. ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಸರಕಾರಿ ಕ್ವಾರ್ಟರ್ಸು. ಹಿನ್ನೀರಿನ ತಳದಿಂದ ತೆಗೆದ ಮಣ್ಣು ಸುರಿದು ಮಾಡಿದ ದ್ವೀಪ ಅದು. ಅಂಗಳದಲ್ಲಿ ಒಂದು ಗೇಣು ಅಗೆದರೆ ಚಿಪ್ಪಿನ ಚೂರು, ಉಪ್ಪು. ತುಳಸಿಯನ್ನೂ ಕುಂಡದಲ್ಲೇ ಇಡಬೇಕು. ಊರಲ್ಲಿ ನಮ್ಮ ತಂದೆಯವರ ತೋಟದಲ್ಲಿ ಕೈಗೆ ಸಿಕ್ಕ ಕಡ್ಡಿ ಊರಿದರೂ ಚಿಗುರುತ್ತಿತ್ತು. ಇಲ್ಲಿ ನಾನು ನೆಟ್ಟ ಎರಡು ಮಲ್ಲಿಗೆ ಬಳ್ಳಿಗಳು ಒಂದಾದ ಮೇಲೊಂದು ಒಣಗಿದ್ದವು. ನಾನು ಮೊದಲೇ ಹೆದರುಪುಕ್ಕಲಿ. ಹಾಲು ಒಡೆದರೂ ಊರಿನಲ್ಲಿ ಯಾರಿಗೆ ಏನಾಯಿತೋ ಎಂದು ಲೆಕ್ಕ ಹಾಕುವವಳು.

ಪಕ್ಕದ ಮನೆ ತ್ರೇಸ್ಯಾ ಚೇಚಿಯದು; ಇಲ್ಲಿಯವರಿಗೆ ಅಕ್ಕ ಎಂದರೆ ಚೇಚಿ, ಅಣ್ಣ ಎಂದರೆ ಚೇಟ್ಟನ್. ಅವರ ಗಂಡ ಔಸೇಪ್ ಚೇಟ್ಟನ್ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದರು. ಚೇಚಿಗೆ ನಲವತ್ತರ ಆಸುಪಾಸು, ನನಗಿಂತ ಎರಡು ಪಟ್ಟು ಗಟ್ಟಿ ಧ್ವನಿ. ನನ್ನ ಕಾಸರಗೋಡಿನ ಮಲಯಾಳ ಕೇಳಿ ನಗುತ್ತಿದ್ದರು. ನಗುತ್ತಲೇ ಬೇಲಿಯ ಮೇಲಿನಿಂದ ಹಲಸಿನ ತೊಳೆಯನ್ನೋ ಬಾಳೆಕಾಯಿಯನ್ನೋ ದಾಟಿಸುತ್ತಿದ್ದರು. ನಾವು ಮೀನು ತಿನ್ನುವವರಲ್ಲವೆಂದು, ಕೊಡುವ ಮೊದಲು ಎರಡು ಸಲ ಕೈ ತೊಳೆದುಕೊಳ್ಳುವರು.

ಅವರ ಅಂಗಳದಲ್ಲಿ ಅರ್ಧಕ್ಕೆ ಕೊಯ್ದ ಒಂದು ಮರದ ಪೀಪಾಯಿ. ಅದರಲ್ಲಿ ಹೊರಗಿನಿಂದ ಮಣ್ಣು ತಂದು ತುಂಬಿಸಿ ಬೆಳೆಸಿದ ಬಿಳಿ ಗುಲಾಬಿ ಗಿಡ. ಅವರ ಒಬ್ಬಳೇ ಮಗಳು ಲಿಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ಎರ್ನಾಕುಲಕ್ಕೆ ಹೋಗಿ, ಹಟ ಹಿಡಿದು ತಂದ ಗಿಡ ಅದು. ಅದೇ ವರ್ಷ ಜ್ವರದಲ್ಲಿ ಮಗು ಹೋಯಿತು; ಆರು ವರ್ಷ ತುಂಬಿರಲಿಲ್ಲ. ಅಂದಿನಿಂದ ಪ್ರತಿ ನವೆಂಬರ್ ಎರಡಕ್ಕೆ, ಸತ್ತವರನ್ನು ನೆನೆಯುವ ಅವರ ದಿನದಂದು, ಚೇಚಿ ಆ ಗಿಡದ ಹೂವನ್ನೇ ಸಮಾಧಿಗೆ ಒಯ್ಯುತ್ತಿದ್ದರು. ಔಸೇಪ್ ಚೇಟ್ಟನ್ ಮಾತ್ರ ಆ ಗಿಡದ ಕಡೆ ನೋಡುತ್ತಿರಲಿಲ್ಲ. ಮನೆಯೊಳಗೆ ಹೋಗುವಾಗಲೂ ಮುಖ ಆಚೆಗೇ.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಚೇಚಿಯ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾಯಿತು. ತಿರುವನಂತಪುರದ ದೊಡ್ಡಾಸ್ಪತ್ರೆಗೆ ಸೇರಬೇಕು, ಆಪರೇಷನ್, ಆಮೇಲೆ ಇನ್ನೂ ಏನೇನೋ ಚಿಕಿತ್ಸೆ; ಎಷ್ಟು ತಿಂಗಳೋ ಹೇಳಲಾಗದು. ಹೊರಡುವ ಹಿಂದಿನ ದಿನ ಇಬ್ಬರು ಆಳುಗಳನ್ನು ಕರೆದು ಪೀಪಾಯಿಯನ್ನು ನಮ್ಮ ಹಿತ್ತಲಿಗೆ ಸಾಗಿಸಿದರು.

"ಮೋಳೇ," ಮಗಳೇ ಎಂದು ಕರೆಯುವುದು ಅವರ ರೂಢಿ, "ನಾನು ಇದಕ್ಕೆ ಹಾಕುವುದು ಮೀನು ತೊಳೆದ ನೀರು, ಮೊಟ್ಟೆಯ ಓಡು. ಎರಡೂ ನಿನ್ನ ಕೈಯಿಂದ ಆಗುವುದಿಲ್ಲ," ಎಂದರು. "ನೀನು ಅಕ್ಕಿ ತೊಳೆದ ನೀರು ಹಾಕು. ಚಹಾದ ಚರಟ ಚೆನ್ನಾಗಿ ತೊಳೆದು, ಸಕ್ಕರೆ ಹೋದ ಮೇಲೆ ಹಾಕು. ಅಷ್ಟು ಸಾಕು. ನವೆಂಬರಿಗೆ ನಾಲ್ಕು ಹೂ ಬಿಟ್ಟರೂ ಸಾಕು."

"ಅಷ್ಟರಲ್ಲಿ ನೀವೇ ಬರ್ತೀರಿ ಚೇಚಿ."

"ನಾನು ಬಾರದಿದ್ದರೂ ಹೂ ಹೋಗಬೇಕು," ಎಂದರು. ನಗಲಿಲ್ಲ.

ಆ ಒಂದು ಮಾತು ನನ್ನ ತಲೆಯೊಳಗೆ ಹೊಕ್ಕು ಕುಳಿತಿತು. ಗಿಡ ಚೆನ್ನಾಗಿದ್ದರೆ ಚೇಚಿ ಚೆನ್ನಾಗಿರುತ್ತಾರೆ, ಗಿಡಕ್ಕೆ ಏನಾದರೂ ಆದರೆ ಚೇಚಿಗೂ ಆಗುತ್ತದೆ ಎಂದು ನಾನೇ ಒಂದು ಕಾನೂನು ಮಾಡಿಕೊಂಡೆ. ಬೆಳಿಗ್ಗೆ ಎದ್ದು ದೇವರ ಮುಖ ನೋಡುವ ಮೊದಲು ಹಿತ್ತಲಿಗೆ ಹೋಗಿ ಗಿಡದ ಮುಖ ನೋಡುತ್ತಿದ್ದೆ. ಚೇಟ್ಟನ್ ಎರಡು ವಾರ ರಜೆ ಹಾಕಿ ಜೊತೆಗಿದ್ದು, ಆಮೇಲೆ ಡ್ಯೂಟಿಗೆ ಬಂದರು. ಚೇಚಿಯ ಅಕ್ಕ ಆಸ್ಪತ್ರೆಯಲ್ಲಿ ನಿಂತರು. ಶನಿವಾರ ರೈಲು ಹತ್ತಿ ಹೋಗಿ ಸೋಮವಾರ ಮರಳುವ ಚೇಟ್ಟನ್, ಬೇಲಿಯ ಹತ್ತಿರ ನಿಂತು ಒಂದೇ ಪ್ರಶ್ನೆ ದಾಟಿಸುತ್ತಿದ್ದರು: "ತ್ರೇಸ್ಯಾ ಕೇಳಿದಳು. ಗಿಡ ಹೇಗಿದೆ?"

ಕರ್ಕಾಟಕ ಮಾಸದ ಮಳೆ ಆ ಸಲ ಬಿಡುವು ಕೊಡಲಿಲ್ಲ. ಪೀಪಾಯಿಯ ತಳದ ತೂತಿನಿಂದ ನೀರು ಸುರಿಯುತ್ತಲೇ ಇತ್ತು. ಅದರೊಟ್ಟಿಗೆ ಮಣ್ಣಿನ ಸಾರವೂ ಹೋಗುತ್ತಿತ್ತು. ಕೆಳಗಿನ ಎಲೆಗಳು ಹಳದಿಯಾದವು. ಮುಟ್ಟಿದರೆ ಉದುರುತ್ತವೆ. ಅಕ್ಕಿ ತೊಳೆದ ನೀರು ಹಾಕಿದೆ, ಚಹಾದ ಚರಟ ಹಾಕಿದೆ, ಒಲೆಯ ಬೂದಿ ಉದುರಿಸಿದೆ. ಮಳೆ ಎಲ್ಲವನ್ನೂ ತೊಳೆದುಕೊಂಡು ಹೋಯಿತು. ಆ ವಾರವೇ ಚೇಚಿಯ ಆಪರೇಷನ್ ಎಂದು ಚೇಟ್ಟನ್ ಹೇಳಿ ಹೋಗಿದ್ದರು. ನನಗೆ ಊಟ ಸೇರಲಿಲ್ಲ.

ಊರಿನಲ್ಲಾಗಿದ್ದರೆ ಒಂದು ಬುಟ್ಟಿ ಹಟ್ಟಿಗೊಬ್ಬರ ತಂದು ಬುಡಕ್ಕೆ ಸುರಿದರೆ ಮುಗಿಯಿತು. ದ್ವೀಪದಲ್ಲಿ ಹಟ್ಟಿ ಎಲ್ಲಿಂದ ಬರಬೇಕು? ಹಡಗಿನ ಕೂಗು ಕೇಳುವ ಜಾಗದಲ್ಲಿ ದನದ ಕೂಗು ಇಲ್ಲ. ಆಗ ನೆನಪಾದದ್ದು ಜೆಟ್ಟಿಗೆ ಹೋಗುವ ದಾರಿಯಲ್ಲಿ ಕೋಳಿ ಸಾಕುವ ಕಾರ್ತ್ಯಾಯನಿ. ಅವಳ ಗೂಡಿನ ಪಕ್ಕ ಯಾವಾಗಲೂ ಒಂದು ರಾಶಿ ಇರುತ್ತಿತ್ತು. ಗೊಬ್ಬರ ಎಂದ ಮೇಲೆ ಗೊಬ್ಬರವೇ ತಾನೇ, ಯಾವ ಹೊಟ್ಟೆಯಿಂದ ಬಂದರೇನು ಎಂದು ಯೋಚಿಸಿದೆ. ನಮ್ಮ ಮನೆತನದಲ್ಲಿ ಕೋಳಿಯ ನೆರಳನ್ನೂ ಅಂಗಳಕ್ಕೆ ಬಿಟ್ಟವರಿಲ್ಲ. ದನದ ಸೆಗಣಿಯನ್ನು ನೆಲಕ್ಕೆ ಸಾರಿಸಿ, ಕೈಯಲ್ಲಿ ಕಲಸಿ, ಹಸಿಯಾಗಿಯೇ ಬುಡಕ್ಕೆ ಹಾಕಿ ಬೆಳೆದ ನನಗೆ ಬೇರೆ ಪ್ರಾಣಿಯ ಗೊಬ್ಬರಕ್ಕೆ ಬೇರೆ ಗುಣ ಇರಬಹುದೆಂದು ಹೊಳೆಯಲೇ ಇಲ್ಲ.

ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ಆದರೆ ಕೇಳುವುದು ಹೇಗೆ? ಕಸ್ಟಮ್ಸ್ ಭಟ್ಟರ ಹೆಂಡತಿ ಕೋಳಿ ಹಿಕ್ಕೆ ಹೊತ್ತಳು ಎಂಬ ಸುದ್ದಿ ಕ್ವಾರ್ಟರ್ಸಿನಲ್ಲಿ ಹಬ್ಬಿ, ಕಾಸರಗೋಡಿನಲ್ಲಿ ಅತ್ತೆಯ ಕಿವಿಗೆ ಬಿದ್ದರೆ ನನ್ನ ಗತಿ ಏನು? ನಮ್ಮವರು ಆಫೀಸಿಗೆ ಹೋದ ಮೇಲೆ, ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಸೆರಗಿನಡಿ ಇಟ್ಟುಕೊಂಡು ಹೋದೆ. ಕಾರ್ತ್ಯಾಯನಿ ಒಂದು ಮಾತೂ ಕೇಳದೆ ತುಂಬಿಸಿಕೊಟ್ಟಳು. ಮನೆಗೆ ಬಂದು ತೆಂಗಿನ ಗೆರಟೆಯಲ್ಲಿ ಅಳೆದು ಮೂರು ಗೆರಟೆ ಬುಡಕ್ಕೆ ಹಾಕಿ, ಮೇಲೆ ಮಣ್ಣು ಎಳೆದೆ. ಮೂರು ಸಲ ಕೈ ತೊಳೆದೆ. ಸಮಾಧಾನವಾಗದೆ ತಲೆಗೂ ಸ್ನಾನ ಮಾಡಿ ಸೀರೆ ಬದಲಾಯಿಸಿದೆ. ಸಂಜೆ ಬಂದ ನಮ್ಮವರು, "ಇವತ್ತು ಎಂತ ವಿಶೇಷ?" ಎಂದರು. ಏಕಾದಶಿ ಎಂದುಬಿಟ್ಟೆ. ಏಕಾದಶಿ ಆಗಿ ನಾಲ್ಕು ದಿನವಾಗಿತ್ತು.

ಮೂರನೆಯ ಬೆಳಿಗ್ಗೆ ಎಲೆಗಳ ಅಂಚು ಕಂದಾಗಿತ್ತು, ಕಾದ ಬಾಣಲೆಗೆ ತಗುಲಿದ ಹಾಗೆ. ಐದನೆಯ ದಿನ ಚಿಗುರುಗಳು ಬಾಗಿದವು. ಎಂಟನೆಯ ದಿನ ದಂಟು ಕಪ್ಪಾಗಲು ಸುರುವಾಯಿತು. ಡಬ್ಬಿಯನ್ನು ಈ ಸಲ ಅಡಗಿಸಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡೇ ಕಾರ್ತ್ಯಾಯನಿಯ ಹತ್ತಿರ ಓಡಿದೆ.

"ಹಸಿಯದನ್ನೇ ಹಾಕಿದಿರಾ?" ಎಂದಳು ಅವಳು. "ಕೋಳಿಯದು ಬೆಂಕಿ ಅಲ್ಲವಾ? ಮಣ್ಣು, ತೆಂಗಿನ ನಾರಿನ ಪುಡಿ ಬೆರೆಸಿ ತಿಂಗಳುಗಟ್ಟಲೆ ಇಡಬೇಕು. ಅದರ ಉರಿ ಆರಿದ ಮೇಲೆ ಒಂದು ಹಿಡಿ. ಅದೂ ಬುಡದಿಂದ ದೂರ."

"ನೀನು ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ. ಇದು ಗೊತ್ತಿಲ್ಲದವರು ಉಂಟು ಅಂತ ನನಗೆ ಹೇಗೆ ಗೊತ್ತು?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಮನೆಗೆ ಬಂದು ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಮಧ್ಯಾಹ್ನ ಊಟಕ್ಕೆ ಬಂದ ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ಕೋಳಿ, ಡಬ್ಬಿ, ಸುಳ್ಳು ಏಕಾದಶಿ, ಎಲ್ಲ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಕೈ ತೊಳೆಯದೆಯೇ ಪೀಪಾಯಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತರು.

"ಈಗ ಅವರಿಗೆ ಹೇಳುವುದು ಬೇಡ. ಆಪರೇಷನ್ ಆಗಿ ಮೂರು ದಿನ ಆದದ್ದಷ್ಟೆ," ಎಂದರು. "ಮೊದಲು ಮೇಲಿನ ಮಣ್ಣು ತೆಗೆ ಮಾರಾಯ್ತಿ."

ಇಬ್ಬರೂ ಸೇರಿ ಮೇಲಿನ ಮಣ್ಣನ್ನೆಲ್ಲ ಬಾಚಿ ತೆಗೆದೆವು. ಕೊಡಗಟ್ಟಲೆ ನೀರು ಸುರಿದು ಉಳಿದದ್ದನ್ನು ತೊಳೆದೆವು. ಕಪ್ಪಾದ ದಂಟುಗಳನ್ನು ನಾನು ಕತ್ತರಿಸುತ್ತಾ ಹೋದೆ. ಹಸಿರು ಎಲ್ಲಿ ಸಿಗುತ್ತದೆ ಎಂದು ನೋಡುತ್ತಾ ಕೆಳಕೆಳಗೆ. ಬುಡದಲ್ಲಿ ಕಸಿ ಕಟ್ಟಿದ ಒಂದು ಗಂಟು ಇತ್ತು. ಅಲ್ಲಿಯವರೆಗೆ ಬಂದು ಕೈ ನಿಂತಿತು. ಹೆಬ್ಬೆರಳಿನಷ್ಟು ದಪ್ಪದ ಒಂದು ಮೊಂಡು ಉಳಿಯಿತು. ಆ ಸೋಮವಾರ ಚೇಟ್ಟನ್ ಬೇಲಿಯ ಹತ್ತಿರ ಬಂದು ಎಂದಿನಂತೆ ಕೇಳಿದರು.

"ಚೆನ್ನಾಗಿದೆ," ಎಂದೆ. ಆ ಕಡೆ ನೋಡದಿರುವ ಅವರ ಅಭ್ಯಾಸ ಅಂದು ನನ್ನನ್ನು ಉಳಿಸಿತು. ಅದಕ್ಕಾಗಿ ಇನ್ನಷ್ಟು ನಾಚಿಕೆಯಾಯಿತು.

ಆಮೇಲೆ ನಾನು ಆ ಮೊಂಡಿಗೆ ಮಾಡದ ಉಪಚಾರವಿಲ್ಲ. ನೆಲಕಡಲೆ ಹಿಂಡಿಯನ್ನು ನಾಲ್ಕು ದಿನ ನೀರಿನಲ್ಲಿ ನೆನೆಸಿ, ಕೊಳೆತ ಮೇಲೆ ಹತ್ತು ಪಟ್ಟು ನೀರು ಸೇರಿಸಿ, ನೀರು ಚಹಾದ ಬಣ್ಣಕ್ಕೆ ಬಂದ ಮೇಲೆ ಒಂದೊಂದೇ ಚೊಂಬು. ಇದನ್ನು ಕೇಳಿ ತಿಳಿದೇ ಮಾಡಿದೆ. ಈಗ ನಾನು ಎಲ್ಲರನ್ನೂ ಕೇಳುತ್ತಿದ್ದೆ. ತರಕಾರಿಯವಳನ್ನು, ಅಂಚೆಯವನನ್ನು, ನಮ್ಮ ಭಾಷೆ ಬಾರದ ಗುಜರಾತಿ ಅಜ್ಜಿಯನ್ನೂ. ಹಿಂಡಿಯ ನಾತಕ್ಕೆ ನಮ್ಮವರು ಮೂಗು ಮುಚ್ಚಿಕೊಂಡು, "ಎಂತ ಸತ್ತಿದೆ ಮಾರಾಯ್ತಿ ಈ ಮನೆಯಲ್ಲಿ?" ಎನ್ನುವರು; ಅಂದ ಮೇಲೆ ನನ್ನ ಮುಖ ನೋಡಿ ಸುಮ್ಮನಾಗುವರು.

ಮಟ್ಟಾಂಚೇರಿಯಲ್ಲಿ ಕೊಂಕಣಿಗರ ಮನೆಗಳಲ್ಲಿ ದನ ಕಟ್ಟುತ್ತಾರೆಂದು ಗೊತ್ತಾಯಿತು. ರಜೆಯ ದಿನ ನಮ್ಮವರು ದೋಣಿ ಹತ್ತಿ ಹೋಗಿ, ಒಂದು ಡಬ್ಬಿ ಹಳೆಯ ಸೆಗಣಿ ಗೊಬ್ಬರ ತಂದರು. ಮರಳುವಾಗ ದೋಣಿಯಲ್ಲಿ ಅವರ ಮೇಲಧಿಕಾರಿ ಸಿಕ್ಕಿ, ಡಬ್ಬಿಯಲ್ಲಿ ಏನೆಂದು ಕೇಳಿದರಂತೆ.

"ದಿನವೂ ಊರವರ ಪೆಟ್ಟಿಗೆಯಲ್ಲಿ ಎಂತ ಉಂಟು ಅಂತ ಕೇಳುವವ ನಾನು. ಇವತ್ತು ನನ್ನನ್ನೇ ಕೇಳಿದರು," ಎಂದರು ಅಂಗಿ ಬಿಚ್ಚುತ್ತಾ.

"ಎಂತ ಹೇಳಿದಿರಿ?"

"ಪ್ರಸಾದ ಅಂದೆ."

ಎಷ್ಟೋ ದಿನಗಳ ಮೇಲೆ ನಾನು ನಕ್ಕದ್ದು ಅಂದೇ. ನಗು ನಿಂತ ಮೇಲೆ ಮತ್ತೆ ಹೋಗಿ ಮೊಂಡನ್ನು ನೋಡಿ ಬಂದೆ. ಏನೂ ಇರಲಿಲ್ಲ.

ಓಣಂ ಕಳೆದು ಹತ್ತು ದಿನಕ್ಕೆ ಬುಡದ ಹತ್ತಿರ ಒಂದು ಕೆಂಪು ಚುಕ್ಕೆ ಕಂಡಿತು. ಮರುದಿನ ಅದು ಅಕ್ಕಿಕಾಳಿನಷ್ಟಾಯಿತು. ವಾರ ಕಳೆಯುವಾಗ ಗೇಣುದ್ದದ ಚಿಗುರು. ನಾನು ತುಳಸಿಗೆ ಎರಡು ದೀಪ ಹಚ್ಚಿದೆ. ಸೋಮವಾರ ಚೇಟ್ಟನ್ ಬರುವುದನ್ನು ಕಾಯದೆ ನಾನೇ ಬೇಲಿಗೆ ಹೋಗಿ, "ಹೊಸ ಚಿಗುರು ಬಂದಿದೆ ಅಂತ ಚೇಚಿಗೆ ಹೇಳಿ," ಎಂದೆ. ಆ ವಾರವೇ ಚೇಚಿ ಎದ್ದು ಕುಳಿತು ಗಂಜಿ ಕುಡಿದರೆಂಬ ಸುದ್ದಿಯೂ ಬಂತು. ನನ್ನ ಕಾನೂನು ಸರಿಯಾಗಿಯೇ ನಡೆಯುತ್ತಿತ್ತು.

ಅಕ್ಟೋಬರಿನಲ್ಲಿ ನಾವಿಬ್ಬರೂ ತಿರುವನಂತಪುರಕ್ಕೆ ಹೋದೆವು. ರೈಲಿನಲ್ಲಿ ಇಡೀ ದಾರಿ ನನ್ನ ಮಡಿಲಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಪುಟ್ಟ ಗುಲಾಬಿ ಕಡ್ಡಿ. ನೋಡಿ, ಗಿಡ ಬದುಕಿದೆ ಎಂದು ತೋರಿಸುವ ಆತುರ ನನಗೆ. ವಾರ್ಡಿನಲ್ಲಿ ಚೇಚಿಯನ್ನು ನಾನು ಗುರುತು ಹಿಡಿಯದೆ ಮುಂದಿನ ಮಂಚಕ್ಕೆ ಹೋಗಿದ್ದೆ. ಆ ಗಟ್ಟಿ ಧ್ವನಿ ಹೋಗಿ ಬರೀ ಉಸಿರು ಉಳಿದಿತ್ತು. ಕಡ್ಡಿಯನ್ನು ಅವರ ಅಂಗೈ ಮೇಲಿಟ್ಟೆ.

ಚೇಚಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೆರಳಿನಿಂದ ಎಲೆಗಳನ್ನು ಒಂದೊಂದಾಗಿ ಮುಟ್ಟಿದರು, ತುದಿಯಿಂದ ಬುಡಕ್ಕೆ, ಮತ್ತೆ ಬುಡದಿಂದ ತುದಿಗೆ. ಆಮೇಲೆ ಕಣ್ಣು ಮುಚ್ಚಿಕೊಂಡರು. ಆಯಾಸವಾಗಿರಬೇಕು ಎಂದುಕೊಂಡೆ.

"ನೀರು ದಿನವೂ ಹಾಕುತ್ತೀಯಾ?"

"ಎರಡು ಹೊತ್ತೂ ನೋಡ್ತೇನೆ ಚೇಚಿ."

"ಬಿಡಬೇಡ," ಎಂದರು. ಕಡ್ಡಿಯನ್ನು ತಲೆದಿಂಬಿನ ಪಕ್ಕದ ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟುಕೊಂಡರು.

ಮರಳಿ ಬಂದ ಮೇಲೆ ಗಿಡ ನಂಬಲಾಗದಷ್ಟು ವೇಗದಲ್ಲಿ ಬೆಳೆಯಿತು. ಎದೆಯೆತ್ತರ ಬಂತು. ತಿಂಗಳ ಕೊನೆಯ ಹೊತ್ತಿಗೆ ಗೊಂಚಲು ಗೊಂಚಲಾಗಿ ಮೊಗ್ಗು. ಬಿಳಿ ಗುಲಾಬಿ ಒಂದು ದಂಟಿಗೆ ಒಂದೇ ಬಿಡುತ್ತಿತ್ತಲ್ಲ ಎಂದು ಒಳಗೊಳಗೇ ಸಣ್ಣ ಅನುಮಾನ. ನನ್ನ ಹಿಂಡಿಯ ಮಹಿಮೆ ಎಂದು ಅದನ್ನು ಅದುಮಿದೆ. ಚೇಚಿಯನ್ನು ಮನೆಗೆ ಕರೆದುಕೊಂಡು ಬರಲು ಮೂರು ದಿನವಿರುವಾಗ ಮೊದಲ ಮೊಗ್ಗು ಬಿರಿಯಿತು. ಗುಲಾಬಿ ಬಣ್ಣ. ನಾಲ್ಕಾಣೆಯಷ್ಟಗಲದ, ತೆಳ್ಳನೆಯ ಎಸಳಿನ ನಾಟಿ ಹೂ.

ಆಗ ಕುಳಿತು ಬುಡವನ್ನು ನೋಡಿದೆ. ಇಡೀ ಗಿಡ ಗಂಟಿನ ಕೆಳಗಿನಿಂದ ಬಂದಿತ್ತು. ಗಂಟಿನ ಮೇಲಿನ ಮೊಂಡು ಒಣಗಿ ಕಟ್ಟಿಗೆಯಾಗಿತ್ತು. ಬಿಳಿ ಗುಲಾಬಿ ಕರ್ಕಾಟಕದಲ್ಲೇ ಸತ್ತಿತ್ತು. ನಾನು ಮೂರು ತಿಂಗಳಿಂದ ಸಾಕಿದ್ದು ಅದನ್ನು ಕಸಿ ಕಟ್ಟಲು ಬಳಸಿದ ಕಾಡುಗಿಡವನ್ನು. ಆ ಮೂರು ದಿನ ನಾನು ಒಲೆಯ ಮುಂದೆ, ನಲ್ಲಿಯ ಹತ್ತಿರ, ಎಲ್ಲೆಲ್ಲೂ ಒಂದೇ ಮಾತನ್ನು ಬಾಯಿಪಾಠ ಮಾಡಿದೆ: ಚೇಚಿ, ಲಿಲ್ಲಿಯ ಗಿಡವನ್ನು ನಾನು ಕೊಂದೆ.

ಚೇಚಿ ಬಂದದ್ದು ನವೆಂಬರ್ ಒಂದರ ಬೆಳಿಗ್ಗೆ. ಟ್ಯಾಕ್ಸಿಯಿಂದ ಇಳಿದವರು ತಮ್ಮ ಮನೆಗೆ ಹೋಗದೆ ನಮ್ಮ ಹಿತ್ತಲಿಗೆ ಬಂದರು, ಚೇಟ್ಟನ್‌ನ ತೋಳು ಹಿಡಿದು. ಅಂದು ಚೇಟ್ಟನ್ ಕೂಡ ಮುಖ ತಿರುಗಿಸಲಿಲ್ಲ. ಗಿಡದ ತುಂಬ ಗುಲಾಬಿ ಬಣ್ಣದ ಹೂ. ನಾನು ಬಾಯಿಪಾಠ ಮಾಡಿದ್ದನ್ನು ಹೇಳಿಬಿಟ್ಟೆ. ಕೋಳಿ ಗೊಬ್ಬರದ ಕಥೆಯನ್ನೂ ಹೇಳಿದೆ. ಹೇಳುತ್ತಾ ನನ್ನ ಮಲಯಾಳ ಎಲ್ಲೋ ಹೋಗಿ ಕನ್ನಡವೇ ಬರುತ್ತಿತ್ತು. ಆದರೂ ಅವರಿಗೆ ತಿಳಿಯಿತು.

"ಆಸ್ಪತ್ರೆಯಲ್ಲೇ ಗೊತ್ತಾಯಿತು," ಎಂದರು ಚೇಚಿ. "ಬಿಳಿಯದಕ್ಕೆ ಒಂದು ತೊಟ್ಟಿನಲ್ಲಿ ಐದೇ ಎಲೆ. ನೀನು ತಂದದ್ದರಲ್ಲಿ ಏಳಿತ್ತು."

"ಮತ್ತೆ ಯಾಕೆ ಹೇಳಲಿಲ್ಲ ಚೇಚಿ?"

"ಹೇಳಿದ್ದರೆ ನೀನು ನೀರು ಹಾಕುವುದು ಬಿಡುತ್ತಿದ್ದೆ."

ನಾನು ಅಳುತ್ತಾ ನಿಂತೆ. ಚೇಚಿ ಸಮಾಧಾನ ಮಾಡಲಿಲ್ಲ. ಒಣಗಿದ ಮೊಂಡನ್ನು ಬೆರಳಿನಿಂದ ಸವರುತ್ತಿದ್ದರು.

"ಕೋಪ ಬಂದಿದೆಯಾ?" ಎಂದೆ.

"ಬಂದಿದೆ. ಹೋಗಲಿಕ್ಕೆ ಸಮಯ ಬೇಕು," ಎಂದು ಚೇಟ್ಟನ್‌ನ ತೋಳು ಹಿಡಿದು ನಡೆದರು.

ಅಂದು ಇಡೀ ದಿನ ಬೇಲಿಯ ಆಚೆಯಿಂದ ಒಂದು ಮಾತೂ ಬರಲಿಲ್ಲ. ಮರುದಿನ ಬೆಳಿಗ್ಗೆ ನಾನು ಅನ್ನ ಬಸಿಯುತ್ತಿದ್ದೆ. ಹಿತ್ತಲಿನಿಂದ ಕರೆದರು.

"ಸರಸೂ, ಕತ್ತರಿ ತಾ. ಸೀರೆ ಬದಲಾಯಿಸಿ ನೀನೂ ಬಾ."

ನಾವು ಮೂವರೂ ದೋಣಿಯಲ್ಲಿ ಆಚೆ ದಡಕ್ಕೆ ಹೋದೆವು. ಹೂ ನನ್ನ ಮಡಿಲಲ್ಲಿ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಸಮಾಧಿಗಳ ನಡುವೆ ಜನವೋ ಜನ. ಎಲ್ಲರ ಕೈಯಲ್ಲೂ ಹೂ, ಮೇಣದ ಬತ್ತಿ. ಲಿಲ್ಲಿಯದು ಗೋಡೆಯ ಬದಿಯಲ್ಲಿ, ಒಂದು ಸಣ್ಣ ಸಿಮೆಂಟು ಶಿಲುಬೆ. ನಾನು ಹೊರಗಿನವಳು, ಹಿಂದೆಯೇ ನಿಂತಿದ್ದೆ. ಚೇಚಿ ಕೈ ಹಿಡಿದು ಮುಂದಕ್ಕೆ ಎಳೆದರು. ಕೂರಲು ಕಷ್ಟವಾಗುತ್ತಿದ್ದರೂ ಕುಳಿತರು. ಹೂಗಳನ್ನು ಇಟ್ಟರು. ಪ್ರಾರ್ಥನೆಯ ಪುಸ್ತಕ ತೆರೆದು, ಒಣಗಿದ ಆ ಏಳೆಲೆಯ ಕಡ್ಡಿಯನ್ನೂ ತೆಗೆದು ಪಕ್ಕದಲ್ಲಿಟ್ಟರು. ಆಮೇಲೆ, ಶಾಲೆಯಿಂದ ಬಂದ ಮಗುವಿಗೆ ಮನೆಯ ಸುದ್ದಿ ಹೇಳುವಂತೆ ಹೇಳಿದರು:

"ಮೋಳೇ, ಇದು ನಿನ್ನ ಬಿಳಿ ರೋಸ್ ಅಲ್ಲ. ಅದನ್ನು ಈ ಸರಸು ಗೊತ್ತಿಲ್ಲದೆ ಕೊಂದಳು. ಇದನ್ನು ಬದುಕಿಸಿದವಳೂ ಇವಳೇ."

ಆ ಮಳೆಗಾಲವಿಡೀ ನಾನು ಹೆದರಿದ್ದು ಕೊಂದಳು ಎಂಬ ಆ ಮಾತಿಗೆ. ಅದರ ಹಿಂದೆ ಇನ್ನೊಂದು ಮಾತು ಇರಬಹುದೆಂದು ನನಗೆ ಒಮ್ಮೆಯೂ ತೋಚಿರಲಿಲ್ಲ. ಚೇಚಿ ಏಳಲು ಕೈ ಚಾಚಿದರು. ಒಂದು ಕಡೆ ಚೇಟ್ಟನ್ ಹಿಡಿದರು, ಇನ್ನೊಂದು ಕಡೆ ನಾನು ಹಿಡಿದೆ.